ಚಕ್ರದ ಮೇಲಿನ ವಿಭೂತಿ

ನಮ್ಮ ಓನರಮ್ಮನ ಬಲಗೈಯ ಉಂಗುರದ ಬೆರಳು ಗಿಣ್ಣಿನಿಂದಾಚೆ ಸೊಟ್ಟಗಿತ್ತು. ಹಾಗಾಗಿ ಅವರು ವಿಭೂತಿ ಹಚ್ಚಿದಲ್ಲೆಲ್ಲ ಮೇಲಿನ ಎರಡು ಗೆರೆ ನೆಟ್ಟಗಿದ್ದು, ಮೂರನೆಯದು ಕೆಳಕ್ಕೆ ಜಾರಿರುತ್ತಿತ್ತು. ಹಣೆಗಷ್ಟೇ ಹಚ್ಚಿ ಸುಮ್ಮನಿರುವವರಲ್ಲ ಅವರು. ಹೊಸಿಲು, ಗ್ಯಾಸ್ ಒಲೆ, ಮೋಟರಿನ ಸ್ವಿಚ್ಚು, ಮಿಕ್ಸಿ, ಕೊನೆಗೆ ನನ್ನ ಸ್ಕೂಟರಿನ ಕನ್ನಡಿ ಕೂಡ ಅವರ ಕೈಯಿಂದ ಬಚಾವಾಗುತ್ತಿರಲಿಲ್ಲ.

ತುಮಕೂರಿನಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಅವರು ಗುಬ್ಬಿ ಕಡೆಯ ತೆಂಗಿನಕಾಯಿ ವ್ಯಾಪಾರಸ್ಥರ ಮಗಳು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. "ಯಾಕೆ ಹಂಗೆ?" ಎಂಬ ಮಾತು ಸದಾ ನಾಲಿಗೆಯ ತುದಿಯಲ್ಲಿ. ಸಿಲಿಂಡರ್ ತಂದವನನ್ನೂ ನಿಲ್ಲಿಸಿ, "ಇದಕ್ಕೆ ಕೆಂಪು ಬಣ್ಣನೇ ಯಾಕಪ್ಪಾ ಬಳೀತಾರೆ?" ಎಂದು ಕೇಳುವರು. ಅವನು ಗೊತ್ತಿಲ್ಲ ಅಂದರೆ ಆಶ್ಚರ್ಯ: "ದಿನಾ ಹೊರ್ತೀಯ, ಒಂದ್ಸಲನೂ ಯಾರನ್ನೂ ಕೇಳಲಿಲ್ವಾ?"

ಗಂಡನ ಕಾಲದ ಕಾರೊಂದು ಮನೆ ಮುಂದೆ ನಿಂತಿತ್ತು. ಅದರ ಅಲಾಯ್ ಚಕ್ರಗಳನ್ನು ಆ ಪುಣ್ಯಾತ್ಮರು ಆಸೆಪಟ್ಟು ಹಾಕಿಸಿದ್ದರಂತೆ. ಕುಣಿಗಲ್ಲಿನ ಮೈದುನ ಬಂದಾಗಲೆಲ್ಲ ಒಂದೇ ರಾಗ. "ಅತ್ತಿಗೆ, ನಿಮಗ್ಯಾಕೆ ಗಾಡಿ? ಸುಮ್ನೆ ನಿಂತು ತುಕ್ಕು ಹಿಡೀತದೆ. ಹಬ್ಬ ಕಳೀಲಿ, ನಾನೇ ಮಾರಿಸಿಕೊಡ್ತೀನಿ." ಓನರಮ್ಮನಿಗೆ ಅವರೆದುರು ಇಲ್ಲ ಎನ್ನುವುದು ಗೊತ್ತೇ ಇರಲಿಲ್ಲ. "ನೋಡಣ ಬುಡಪ್ಪಾ" ಎಂದು ಕಾಫಿ ಕೊಟ್ಟು ಕಳಿಸುವರು. ಆಮೇಲೆ ನನ್ನ ಹತ್ತಿರ, "ಮಾರೋಕೆ ನಂಗಿಷ್ಟ ಇಲ್ಲ ಕಣೇ. ಓಡ್ಸೋಕೆ ಬರಲ್ಲ ಅಂತ ತಾನೆ ಮಾರು ಅನ್ನೋದು? ಕಲ್ತುಬುಟ್ರೆ?" ಎಂದರು. ಅರವತ್ತರ ಹತ್ತಿರದ ಹೆಂಗಸು ಡ್ರೈವಿಂಗ್ ಸ್ಕೂಲಿಗೆ ಸೇರಿಯೇ ಬಿಟ್ಟರು!

ಲೈಸೆನ್ಸ್ ಏನೋ ಬಂತು. ಎಡಗಡೆ ಎಷ್ಟು ಜಾಗವಿದೆ ಎಂಬ ಅಂದಾಜು ಮಾತ್ರ ಬರಲಿಲ್ಲ. ಫುಟ್‌ಪಾತಿಗೆ ಉಜ್ಜಿ ಉಜ್ಜಿ ಎಡಚಕ್ರಗಳ ಅಂಚು ಇಲಿ ಕಡಿದ ಕೊಬ್ಬರಿಯಂತಾಯಿತು. ಬಲಗಡೆಯವೂ ಬಣ್ಣಗೆಟ್ಟಿದ್ದವು. "ಮೈದುನ ಇದನ್ನ ನೋಡಿದ್ರೆ ಮುಗೀತು, ಆವತ್ತೇ ಗಾಡಿ ಹೊಡ್ಕೊಂಡು ಹೋಗ್ತಾನೆ" ಎಂದು ಅವರಿಗೆ ನಿಜಕ್ಕೂ ಭಯ ಹತ್ತಿತು. ಹೊಸ ಅಲಾಯ್‌ಗಳ ಬೆಲೆ ವಿಚಾರಿಸಿ ಬಂದವರು, "ಆ ದುಡ್ಡಿಗೆ ಕರೆಯೋ ಹಸುನೇ ಬರ್ತದಲ್ಲೇ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಚಕ್ರದ ಅಂಚನ್ನು ಸವರಿ ನೋಡಿ, "ನಾವೇ ಬಣ್ಣ ಹೊಡುದ್ರೆ ಏನಾಗ್ತದೆ?" ಎಂದರು.

ಮೊದಲು ಚಕ್ರವನ್ನು ತೆಂಗಿನಕಾಯಿಯ ಹಾಗೆ ತಟ್ಟಿ ಕಿವಿಗೊಟ್ಟರು. ಏನೂ ತಿಳಿಯದೆ ಪಂಕ್ಚರ್ ಅಂಗಡಿಯವನಿಗೆ ತೋರಿಸಿದರು. ಬಿರುಕಿದ್ದರೆ ಬಣ್ಣ ಬಳಿದು ಮುಚ್ಚಬಾರದು, ಇದು ಬರೀ ಮೇಲಿನ ಗೀರು ಎಂದು ಆತ ಧೈರ್ಯ ಹೇಳಿದ. ಆಯುಧ ಪೂಜೆಯ ಹಿಂದಿನ ದಿನ ನಾನು ರಜೆ ಹಾಕಿದೆ. ಸೋಪಿನ ನೀರಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಗೀರುಗಳಿಗೆ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಉಜ್ಜಿದೆವು.

ಟಯರಿಗೆ ಬಣ್ಣ ತಾಗದಂತೆ ಏನು ಮರೆ ಮಾಡುವುದು? ಓನರಮ್ಮ ಒಳಗಿಂದ ಹಳೆಯ ಲಗ್ನಪತ್ರಿಕೆಗಳ ಚೀಲ ತಂದರು. ದೇವರ ಚಿತ್ರವಿರುತ್ತದೆಂದು ಅವರು ಒಂದನ್ನೂ ಎಸೆದಿರಲಿಲ್ಲ. ಟಯರಿಗೂ ಚಕ್ರಕ್ಕೂ ನಡುವಿನ ಸಂದಿಯಲ್ಲಿ ಒಂದೊಂದೇ ಪತ್ರಿಕೆ ಸಿಕ್ಕಿಸುತ್ತ ಸುತ್ತು ಬಂದೆವು. "ಗಣಪತಿ ಮುಖಕ್ಕೆ ಬಣ್ಣ ಹೊಡೀಬ್ಯಾಡ ಕಣೇ, ಆ ಕಡೆ ತಿರುಗ್ಸು." ಪ್ರತಿಯೊಂದನ್ನೂ ಓದಿಯೇ ಸಿಕ್ಕಿಸಬೇಕು ಬೇರೆ. "ಇದು ಊರ್ಡಿಗೆರೆ ಮದ್ವೆ. ಒಬ್ಬಟ್ಟೆಲ್ಲ ಸೀದೋಗಿತ್ತು. ಯಾಕೋ, ಕೊನೆಗೂ ಗೊತ್ತಾಗಲಿಲ್ಲ." ಹೀಗೆ ಹರಟುತ್ತ ಪ್ರೈಮರ್ ಹೊಡೆದು, ಅದರ ಮೇಲೆ ಸ್ಪ್ರೇ ಡಬ್ಬಿಯಿಂದ ಬೆಳ್ಳಿ ಬಣ್ಣ ಹೊಡೆದೆವು. ಕೊನೆಗೆ ಮುಂಭಾಗದ ಎಡಚಕ್ರದ ಸರದಿ ಬರುವಷ್ಟರಲ್ಲಿ ಸಂಜೆಯಾಗಿ ಸೋನೆ ಹಿಡಿದಿತ್ತು.

ಬೆಳಗ್ಗೆ ನಾನು ಕೆಳಗಿಳಿಯುವಷ್ಟರಲ್ಲಿ ಅವರು ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಒದ್ದೆ ವಿಭೂತಿ ಎಳೆದೂ ಆಗಿತ್ತು.

"ಆಂಟಿ, ಬಣ್ಣ ಇನ್ನೂ ಹಸಿ!"

"ಆಯುಧ ಪೂಜೆ ದಿವ್ಸ ವಿಭೂತಿ ಇಲ್ದೆ ಇರ್ತದೇನೇ?"

ಮರುದಿನ ಒರೆಸಿದರೆ ಮೂರು ಚಕ್ರಗಳಲ್ಲಿ ಹೋಯಿತು. ಕೊನೆಗೆ ಹೊಡೆದ ಎಡಚಕ್ರದಲ್ಲಿ ಹೋಗಲಿಲ್ಲ. ವಿಭೂತಿ ಹಸಿ ಬಣ್ಣದೊಳಗೆ ಹೂತು, ಮೂರು ಗೆರೆ ಹಾಗೇ ಗಟ್ಟಿಯಾಗಿತ್ತು.

ಆ ವಾರವೇ ಮೈದುನ ಬಸ್ಸಿಳಿದು ಬಂದರು. ದೂರದಿಂದ ನೋಡಿ ಹೋಗಿದ್ದರೆ ಏನೂ ತಿಳಿಯುತ್ತಿರಲಿಲ್ಲ. ವಿಭೂತಿ ಕಂಡದ್ದೇ ಒರೆಸೋಣವೆಂದು ಕರ್ಚೀಫ್ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಉಜ್ಜಿದರು, ಮತ್ತೆ ಉಜ್ಜಿದರು. ಹತ್ತಿರದಿಂದ ನೋಡುವಾಗ ಪುಟ್ಟಿ ತುಂಬಿದ ಅಂಚೂ ಕಣ್ಣಿಗೆ ಬಿತ್ತು. "ಅತ್ತಿಗೆ, ಎಲ್ಲೆಲ್ಲಿ ಗುದ್ದುದ್ರಿ?"

ಓನರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹೂಂ ಕಣಪ್ಪಾ, ಉಜ್ಜಿದೀನಿ. ಕಲಿಯೋವಾಗ ಉಜ್ದೆ ಇನ್ಯಾವಾಗ ಉಜ್ಲಿ? ಗಾಡಿ ಮಾರಲ್ಲ. ಹತ್ತು, ಕುಣಿಗಲ್‌ಗೆ ನಾನೇ ಬಿಟ್ಟುಬರ್ತೀನಿ."

ದಾರಿಯುದ್ದಕ್ಕೂ ಮೈದುನ ಬಾಗಿಲ ಮೇಲಿನ ಹಿಡಿ ಬಿಡಲಿಲ್ಲ. ಅವರ "ಶಿವ ಶಿವಾ" ಹಿಂದೆ ಕೂತ ನನಗೂ ಕೇಳುತ್ತಿತ್ತು. ಮನೆ ಮುಂದೆ ಕಾರು ನಿಂತ ಕೂಡಲೇ ಇಳಿದು, ಎಡಗಡೆ ಬಗ್ಗಿ ನೋಡಿ, "ತಾಗಿಲ್ಲ" ಎಂದರು. ಮಾರುವ ಮಾತು ಮತ್ತೆ ಬರಲಿಲ್ಲ.

ಹೋದ ವರ್ಷ ಓನರಮ್ಮ ಮಲಗಿದಲ್ಲೇ ಹೋಗಿಬಿಟ್ಟರು. ಕಾರನ್ನು ಮೈದುನ ಕುಣಿಗಲ್ಲಿಗೆ ಒಯ್ದರು. ಈ ಸಲದ ಆಯುಧ ಪೂಜೆಗೆ ಅವರು ಕರೆದರೆಂದು ಹೋಗಿದ್ದೆ. ಮೂರು ಚಕ್ರಗಳಿಗೆ ಹೊಸ ಬಣ್ಣ ಬಂದಿತ್ತು. ಆ ಮೂರು ಗೆರೆಯ ಎಡಚಕ್ರವನ್ನು ಮುಟ್ಟಿರಲಿಲ್ಲ. ಪೂಜೆಯಲ್ಲೂ ಅದಕ್ಕೆ ಹೂವಿಟ್ಟರೇ ಹೊರತು ವಿಭೂತಿ ಹಚ್ಚಲಿಲ್ಲ. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೇಳಿದರು: "ಅತ್ತಿಗೆ ಬೆರಳು ಯಾಕೆ ಹಂಗೆ ಸೊಟ್ಟಗಿತ್ತು? ನೀವು ಜೊತೇಲೇ ಇದ್ರಲ್ಲ, ಕೇಳಿರ್ತೀರ ಅನ್ಕಂಡಿದ್ದೆ."

"ನೀವು ಮನೆಯವ್ರು, ನಿಮಗೆ ಗೊತ್ತಿರುತ್ತೆ ಅಂತ ನಾನು ಅಂದ್ಕೊಂಡಿದ್ದೆ" ಎಂದೆ.

ನನಗೆ ಅಳು ಬಂತು. ಕಂಡದ್ದನ್ನೆಲ್ಲ ಯಾಕೆ ಎಂದು ಕೇಳಲು ಕಲಿಸಿದವರು ಓನರಮ್ಮ. ಅವರನ್ನೇ ಈ ಒಂದು ಮಾತು ನಾವು ಯಾರೂ ಕೇಳಿರಲಿಲ್ಲ. ಒಳಗಿಂದ ಊಟಕ್ಕೆ ಕರೆಯುತ್ತಿದ್ದರು. ನಾವಿಬ್ಬರೂ ಆ ಮೂರನೆಯ ಗೆರೆ ಕೆಳಕ್ಕೆ ಜಾರಿದ್ದನ್ನು ನೋಡುತ್ತ ಕೂತೇ ಇದ್ದೆವು.