ಹುಳದ ಮನೆಯ ಇಂಗ್ಲಿಷು

ಸಂತೆಮರಹಳ್ಳಿ ಸುತ್ತಮುತ್ತ ಮನೆಮನೆಯಲ್ಲೂ ರೇಷ್ಮೆಹುಳ ಸಾಕುತ್ತಿದ್ದ ಕಾಲ ಅದು. ಹುಳ ನಡುಮನೆಯಲ್ಲಿ ಮಲಗುತ್ತಿದ್ದವು, ಮನುಷ್ಯರು ಜಗುಲಿಯಲ್ಲಿ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ನಮ್ಮ ಹೊಟ್ಟೆಗೆ ಹಿಟ್ಟು ಬರುತ್ತಿದ್ದದ್ದು ಆ ಹುಳದಿಂದಲೇ.

ಹುಳದ ಮನೆಗೆ ಯಜಮಾನಿ ನಮ್ಮಜ್ಜಿ, ಅಪ್ಪನ ತಾಯಿ. ಅಪ್ಪನೂ ಅವಳನ್ನು ಕೇಳಿಯೇ ಒಳಗೆ ಕಾಲಿಡಬೇಕಿತ್ತು. ಕಾಲು ತೊಳೀಬೇಕು. ಬೀಡಿ ಸೇದಿದವನು ಬರಕೂಡದು. ಮುಟ್ಟಾದ ಹೆಂಗಸಂತೂ ಆ ಬಾಗಿಲ ಕಡೆ ಸುಳಿಯಕೂಡದು. ಅವಳನ್ನು ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳದೆ ಹುಳ ಮುಟ್ಟಕೂಡದು. ವಾಸನೆಗೆ ಹುಳ ಕೆಡುತ್ತವೆ ಅಂತ ಒಗ್ಗರಣೆಯೂ ಇಲ್ಲ. ದಿನಾ ಬೇಯಿಸಿದ ಸೊಪ್ಪು, ಉಪ್ಪು, ಮುದ್ದೆ. ಗೂಡು ಬಿಡಿಸಿದ ದಿನ ಅಜ್ಜಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಆ ಘಮಕ್ಕೇ ಅರ್ಧ ಹೊಟ್ಟೆ ತುಂಬುತ್ತಿತ್ತು.

ಆ ಬೇಸಿಗೆ ನಮ್ಮಕ್ಕ ಮಾದೇವಿ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆಗೆ ಎರಡನೇ ಸಲ ಕಟ್ಟಿದ್ದಳು. ಮಿಕ್ಕ ಎಲ್ಲದರಲ್ಲೂ ಪಾಸು, ಅದೊಂದರಲ್ಲಿ ಡುಮ್ಕಿ. ಈ ಸಲ ಪಾಸಾದರೆ ಟೀಚರ್ ಟ್ರೈನಿಂಗು. ಇಲ್ಲದಿದ್ದರೆ ಪುಣಜನೂರಿನ ಸೋದರಮಾವ, ಅವ್ವನ ಒಡಹುಟ್ಟಿದ ತಮ್ಮ. ಮೊದಲನೇ ಹೆಂಡತಿ ಸತ್ತಿದ್ದಳು. ಕೆಟ್ಟವನಲ್ಲ. ಆದರೆ ಅವನ ಹೆಸರು ಬಂದರೆ ಅಕ್ಕ ಮುದ್ದೆ ನುಂಗುವುದನ್ನೇ ಬಿಟ್ಟುಬಿಡುತ್ತಿದ್ದಳು. ಅಜ್ಜಿ ಆಗಲೇ ಮಾತು ಕೊಟ್ಟಾಗಿತ್ತು.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಸೊಪ್ಪು ಹೊರಲು ಯಾರಾದರೂ ಬೇಕಿತ್ತು. ಅಕ್ಕನ ಇಂಗ್ಲಿಷಿಗೆ ನಾನೇ ಕ್ಲಾಸು. ಪುಸ್ತಕದಲ್ಲಿದ್ದ ಹಡಗು, ರಾಜ, ಹಿಮ ಅವಳ ತಲೆಗೆ ಹತ್ತಲಿಲ್ಲ. ಹಿಮ ಯಾರು ಕಂಡಿದ್ದರು? ಹುಳಕ್ಕೆ ಸೊಪ್ಪು ಹೆಚ್ಚುತ್ತಾ ಎಲ್ಲವನ್ನೂ ಹುಳದ ಮನೆಗೇ ತಂದಳು.

"ಕೇಳುಸ್ಕ ಕಣಮ್ಮಿ. ಕ್ಯಾನ್ ಅಂದ್ರೆ ಕೈಲಾಯ್ತದೆ. ಐ ಕ್ಯಾನ್ ಕಟ್ ದ ಲೀವ್ಸ್."

"ನನ್ ಕೈಲೂ ಆಯ್ತದೆ."

"ನಿನ್ ಕೈಲಾಗದಿಲ್ಲ, ಬೆಳ್ಳು ಕುಯ್ಕತೀಯ. ಯು ಕೆನಾಟ್. ಮಸ್ಟ್ ಅಂದ್ರೆ ತಪ್ಪುಸ್ಕಳಂಗಿಲ್ಲ. ಯು ಮಸ್ಟ್ ವಾಶ್ ಯುವರ್ ಫೀಟ್. ಶುಡ್ ಅಂದ್ರೆ ಮಾಡುದ್ರೆ ಒಳ್ಳೇದು, ಮಾಡ್ದಿದ್ರೆ ಅಜ್ಜಿ ಬಯ್ತದೆ ಅಷ್ಟೆ."

"ಮಾಡುದ್ರೂ ಬಯ್ತದಲ್ಲಕ್ಕ. ಅಜ್ಜಿ ಬಯ್ಯದು ಮಸ್ಟಾ?"

ಅಕ್ಕ ನಕ್ಕ ನಗೆಗೆ ಸೊಪ್ಪೆಲ್ಲ ಚೆಲ್ಲಿತು.

"ಮೈಟ್ ಅಂದ್ರೆ?" ಅಂದೆ.

ಕತ್ತಿ ನಿಲ್ಲಿಸಿದಳು. "ಅದು ಗೊತ್ತಿಲ್ದೆ ಇರದು. ಐ ಮೈಟ್ ಪಾಸ್. ಆದ್ರೂ ಆಗ್ಬೋದು."

ಅದೇ ನಮ್ಮ ಆಟವಾಯಿತು. ನಾನು ಹೊಸ್ತಿಲಾಚೆ ನಿಂತು, "ಮೇ ಐ ಕಮಿನ್?" ಅಂತ ಕೂಗಬೇಕು. ಅವಳು ನನ್ನ ಕಾಲು ನೋಡಿ, ತೊಳೆದಿದ್ದರೆ "ಯು ಮೇ" ಅನ್ನುವಳು.

"ಅದೇನಮ್ಮೀ ಮೇ ಮೇ ಅಂತ, ಆಡ್ಮರಿ ಅರಚ್ದಂಗೆ?" ಅಂದಳು ಅಜ್ಜಿ.

"ಒಳಕ್ ಬರ್ಬೋದಾ ಅಂತ ಕೇಳ್ತಾವ್ಳೆ ಅಜ್ಜಿ."

"ಅಂಗಾರೆ ಇಂಗ್ಲೀಸ್ನೋರ್ಗೂ ಮರ್ಯಾದಿ ಅದೆ ಬುಡು."

ಅವ್ವ ಪಕ್ಕದಲ್ಲೇ ಹುಳದ ತಟ್ಟೆಯ ಹಿಕ್ಕೆ ಬಳಿಯುತ್ತಿದ್ದಳು. ಅಜ್ಜಿ ಎದುರು ಅವ್ವ ಯಾವತ್ತೂ ಏನೂ ಹೇಳಿದವಳಲ್ಲ.

ಸರಿಯಾಗಿ ಪರೀಕ್ಷೆಯ ದಿನವೇ ಬೆಳಿಗ್ಗೆ ಹುಳ ಹಣ್ಣಾದವು. ಹಣ್ಣಾಗುವುದು ಅಂದರೆ ಸೊಪ್ಪು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು.

"ಇವತ್ ಯಾರೂ ಮನೆ ಹೊಸ್ಲು ದಾಟಂಗಿಲ್ಲ," ಅಂದಳು ಅಜ್ಜಿ.

"ಅಜ್ಜಿ, ಇವತ್ ನನ್ ಪರೀಕ್ಸೆ."

"ಪರೀಕ್ಸೆ ಮುಂದಿನ್ ಸಲವೂ ಬತ್ತದೆ. ಹುಳ ಕಾಯ್ತದಾ?"

ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಚಂದ್ರಿಕೆ ನೋಡಿದ. ಅಕ್ಕನ ಕುತ್ತಿಗೆ ಕೆಂಪಗಾದದ್ದು ನನಗೆ ಈಗಲೂ ಕಾಣುತ್ತದೆ. ಆಮೇಲೆ ಹುಳದ ಮನೆಯ ಹೊಸ್ತಿಲಿಂದ ಮೆಲ್ಲಗೆ ಹಿಂದಕ್ಕೆ ಸರಿದು ಅಂದಳು, "ನಾನ್ ಒಳ್ಗ್ ಬರಂಗಿಲ್ಲ ಅಜ್ಜಿ. ಈಗ್ತಾನೆ ಮುಟ್ಟಾದೆ."

ಅಜ್ಜಿ ಸೆರಗು ಎಳೆದುಕೊಂಡು ನೆಗೆದಳು. "ಆಳಾದೋಳೇ, ಇವತ್ತೇ ಆಗ್ಬೇಕಿತ್ತಾ? ಓಗು ಆ ಕಡೀಕೆ!"

ಸುಳ್ಳು. ಹಿಂದಿನ ವಾರವೇ ಅಕ್ಕ ಮುಟ್ಟಾಗಿ ಕೊಟ್ಟಿಗೆ ಪಕ್ಕದ ಚಾಪೆಯಲ್ಲಿ ಕೂತು ಎದ್ದಿದ್ದಳು. ಹುಳದ ಗಡಿಬಿಡಿಯಲ್ಲಿ ಅಜ್ಜಿಗೆ ಮರೆತಿತ್ತು. ಅಲ್ಲಿಗೇ ಊಟದ ತಟ್ಟೆ ಸರಿಸಿದ ಅವ್ವನಿಗೆ ಮರೆಯುತ್ತದೆಯೇ? ಅವ್ವ ಅಕ್ಕನನ್ನೇ ನೋಡುತ್ತಾ ನಿಂತಳು. ಹೇಳಿಯೇಬಿಡುತ್ತಾಳೆ ಅಂದುಕೊಂಡೆ. ಒಂದು ಮಾತು ಸಾಕಿತ್ತು, ಅಕ್ಕ ಪುಣಜನೂರಿಗೆ.

"ಮನೇಲಿದ್ರೆ ಹುಳಕ್ಕೇ ತೊಂದ್ರೆ ಅತ್ತೆ," ಅಂದಳು ಅವ್ವ. "ಆ ಪರೀಕ್ಸೆಗಾದ್ರೂ ಓಗ್ಲಿ ಬುಡಿ."

"ಓಗ್ಲಿ, ಓಗ್ಲಿ," ಅಂತ ಅಜ್ಜಿ ಒಳಗೆ ನುಗ್ಗಿದಳು.

ಅವ್ವ ಹಿತ್ತಲಿಗೆ ಹೋದಳು, ನಾನೂ ಹಿಂದೆ ಹೋದೆ. ಅಕ್ಕನ ಜಡೆ ಬಿಚ್ಚಿಹೋಗಿತ್ತು. ಅವ್ವ ಅವಳನ್ನು ಎಳೆದು ಕೂರಿಸಿ, ಜಡೆ ಬಿಗಿದು, ಟೇಪು ಕಟ್ಟಿ, ಮುಖವನ್ನು ತನ್ನ ಸೆರಗಿನಲ್ಲೇ ಒರೆಸಿದಳು. "ಬಸ್ ಓಯ್ತದೆ, ಓಡು." ಅಕ್ಕ ಚಾಮರಾಜನಗರದ ಬಸ್ಸಿಗೆ ಓಡಿದಳು. ಅವ್ವ ತಲೆಗೆ ನೀರು ಹಾಕಿಕೊಳ್ಳದೆ, ಅದೇ ಕೈಯಲ್ಲಿ, ಸೀದಾ ಹುಳದ ಮನೆಗೆ ಹೊರಟಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

"ಬಾಯ್ ಮುಚ್ಕ," ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿ, "ಮಸ್ಟು," ಅಂದಳು.

ಅಕ್ಕನ ಪಾಲಿನ ಹುಳ ನಾನೇ ಆಯ್ದೆ. ತಣ್ಣಗೆ, ಮೆತ್ತಗೆ, ಬೆರಳಿಗೇ ನೂಲು ಸುತ್ತುತ್ತಿದ್ದವು. ಆ ಸಲ ಗೂಡು ಯಾವತ್ತಿಗಿಂತ ಚೆನ್ನಾಗಿ ಆಯಿತು. "ನೇಮ ತಪ್ಲಿಲ್ಲ ನೋಡು, ಅದ್ಕೇ ಕಣ," ಅಂತ ಅಜ್ಜಿ ಬೀದಿಗೆಲ್ಲ ಹೇಳಿದಳು. ಅವ್ವ ತಲೆ ಬಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಅಕ್ಕ ಅಂತೂ ಇಂತೂ ಪಾಸಾದಳು. ಗುಂಡ್ಲುಪೇಟೆ ಕಡೆ ಟೀಚರಾದಳು. ಮಾವನಿಗೆ ಬೇರೆ ಹೆಣ್ಣು ಸಿಕ್ಕಿತು. ನಾನು ಈ ಮನೆಯಲ್ಲೇ ಉಳಿದೆ.

ಈಗ ಹುಳ ಇಲ್ಲ. ಆ ಸೊಪ್ಪಿನ ವಾಸನೆ ಇಲ್ಲ. ಮುಟ್ಟಿನ ಶಾಸ್ತ್ರ ಹೋಯಿತು, ಒಳ್ಳೆಯದೇ ಆಯಿತು. ಒಗ್ಗರಣೆ ದಿನಾ ಹಾಕುತ್ತಾರೆ, ಆ ಘಮ ಮಾತ್ರ ಬರುವುದಿಲ್ಲ. ನಡುಮನೆಯಲ್ಲಿ ಮೊಮ್ಮಗ ಬೈಕು ನಿಲ್ಲಿಸುತ್ತಾನೆ. ರಿಟೈರಾದ ಮೇಲೂ ಅಕ್ಕ ಬಂದಾಗಲೆಲ್ಲ ಆ ಹೊಸ್ತಿಲಾಚೆ ನಿಂತು, ಹಲ್ಲಿಲ್ಲದ ಬಾಯಲ್ಲಿ "ಮೇ ಐ ಕಮಿನ್?" ಅನ್ನುತ್ತಿದ್ದಳು. "ಕಾಲ್ ತೊಳ್ದಿದ್ದೀಯಾ?" ಅನ್ನುತ್ತಿದ್ದೆ. ಮಂಡಿ ನೋವಿದ್ದರೂ ಹೋಗಿ ತೊಳೆದು ಬರುತ್ತಿದ್ದಳು.

ಹೋದ ವರ್ಷ ಸತ್ತಳು.

ಮನೆ ತುಂಬ ಜನ ಇದ್ದಾರೆ. ಬದನಗುಪ್ಪೆಯ ಫ್ಯಾಕ್ಟರಿ ಕೆಲಸ ಮುಗಿಸಿ ಸಾಯಂಕಾಲ ಒಬ್ಬೊಬ್ಬರೇ ಬರುತ್ತಾರೆ. ಬಾಗಿಲಲ್ಲಿ ಹೆಜ್ಜೆ ಸದ್ದಾದರೆ ಒಂದು ಗಳಿಗೆ ಕಾಯುತ್ತೇನೆ. ಸದ್ದು ನಿಲ್ಲುವುದಿಲ್ಲ, ಶೂ ಹಾಕಿಕೊಂಡೇ ಸೀದಾ ಒಳಗೆ ಬಂದುಬಿಡುತ್ತದೆ.