‘ನಿಮಗಂತ’ ಅರವತ್ತು

ಹನ್ನೊಂದು ವರ್ಷ ನಾನು ಒಂದು ವಿಷಯವನ್ನು ಬಲವಾಗಿ ನಂಬಿಕೊಂಡಿದ್ದೆ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ನಾಲ್ಕು ಮಹಡಿಯ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಎಲ್ಲರಿಗಿಂತ ಅಗ್ಗವಾಗಿ ತರಕಾರಿ ಕೊಳ್ಳುವವನು ನಾನೇ ಎಂದು. ಈ ನಂಬಿಕೆ ಬಿಡಿಸಲು ಒಂದು ಜಗದ್ವ್ಯಾಪಿ ಕಾಯಿಲೆ ಮತ್ತು ಹದಿನೈದು ಮೀಟರ್ ನೈಲಾನ್ ಹಗ್ಗ ಬೇಕಾದವು.

ನಂಬಿಕೆಗೆ ಕಾರಣವಿತ್ತು. ನಮ್ಮ ಗೇಟಿನ ಬಳಿ ತರಕಾರಿ ಮಾರುವ ಮಂದಾ ಹತ್ತಿರದ ದಿವಾ ಎಂಬ ಊರಿನಿಂದ ಬರುತ್ತಾಳೆ. ಆದರೆ ಹುಟ್ಟಿದ್ದು ಅಕ್ಕಲಕೋಟೆಯ ಕಡೆ, ತಾಯಿಮಾತು ಕನ್ನಡ. ಕಟ್ಟಡದ ಉಳಿದವರು ಅವಳೊಡನೆ ಮರಾಠಿಯಲ್ಲೋ ಹಿಂದಿಯಲ್ಲೋ ಚೌಕಾಸಿ ಮಾಡುತ್ತಿದ್ದರು. ಗದಗಿನ ಕಡೆಯವನಾದ ನಾನು ಮಾತ್ರ ಬುಟ್ಟಿಯ ಮೇಲೆ ಬಾಗಿ, ಮೆಲ್ಲಗೆ, ಕನ್ನಡದಲ್ಲಿ ಕೇಳುತ್ತಿದ್ದೆ. ಅವಳೂ ದನಿ ತಗ್ಗಿಸಿ, “ಸಾಹೇಬ್ರ, ನಿಮಗಂತ ಇಷ್ಟಕ್ಕ ಕೊಡಾಕತ್ತೀನ್ರಿ. ಯಾರ ಮುಂದೂ ಹೇಳಬ್ಯಾಡ್ರಿ” ಎನ್ನುತ್ತಿದ್ದಳು. ನಾನು ಯಾರ ಮುಂದೆಯೂ ಹೇಳಲಿಲ್ಲ, ಹೆಂಡತಿ ಸರೋಜಿನಿಯೊಬ್ಬಳನ್ನು ಬಿಟ್ಟು. ಪ್ರತಿಸಲವೂ ಚೀಲ ಕೆಳಗಿಟ್ಟು, ಭಾಷೆ ಉಳಿಸಿಕೊಂಡರೆ ಏನೆಲ್ಲ ಉಳಿತಾಯವಾಗುತ್ತದೆ ಎಂದು ಅವಳಿಗೆ ವಿವರಿಸುತ್ತಿದ್ದೆ. ಅವಳು “ಹೌದಾ?” ಎಂದಷ್ಟೇ ಹೇಳಿ ಬದನೆಕಾಯಿಯ ತೂತುಗಳನ್ನು ಎಣಿಸುತ್ತಿದ್ದಳು.

ನನ್ನ ಉದ್ಯೋಗದ ಬಗ್ಗೆಯೂ ಹೇಳಬೇಕು. ಇಲ್ಲದಿದ್ದರೆ ನನ್ನ ಪೆದ್ದುತನದ ಪೂರ್ತಿ ಅಳತೆ ನಿಮಗೆ ಸಿಗುವುದಿಲ್ಲ. ಶಹಾಡ್ ಕಡೆಯ ಒಂದು ಕಾರ್ಖಾನೆಯಲ್ಲಿ ತಕ್ಕಡಿ, ಮಾಪಕಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ನಮ್ಮ ಕೋಣೆಯಲ್ಲಿ ತೂಕದ ಬಟ್ಟುಗಳು ಗಾಜಿನ ಪೆಟ್ಟಿಗೆಯಲ್ಲಿ ಕೂತಿರುತ್ತವೆ. ಕೈಯಿಂದ ಮುಟ್ಟುವಂತಿಲ್ಲ; ಬೆರಳಿನ ಬೆವರಿಗೂ ತೂಕವಿದೆ. ಸಂತೆಯಲ್ಲಿ ತೂಕ ಮುಗಿದ ಮೇಲೆ ತಕ್ಕಡಿಯ ಹೊರಗಿನಿಂದ ಬಂದು ಚೀಲಕ್ಕೆ ಬೀಳುವ ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸು ಇದೆಯಲ್ಲ, ಅದನ್ನು ನಾವು ಕೊಸರು ಎನ್ನುತ್ತೇವೆ. ನಮ್ಮ ಕಾರ್ಖಾನೆಯಲ್ಲಿ ಅದಕ್ಕೆ ದೋಷ ಎಂದು ಹೆಸರು. ನನ್ನ ಅಜ್ಜಿಯಾದರೋ ಕೊಸರು ಕೊಡದ ಅಂಗಡಿಯವನನ್ನು “ಅಂವಾ ಬರೇ ತೂಕ ಮಾಡತಾನ” ಎಂದು ಬೈಯುತ್ತಿದ್ದಳು. ಅದು ಬೈಗುಳ ಹೇಗಾಗುತ್ತದೆ ಎಂದು ನನಗೆ ಬಹಳ ಕಾಲ ತಿಳಿದಿರಲಿಲ್ಲ.

ಆಮೇಲೆ ಎಲ್ಲ ಬಾಗಿಲುಗಳೂ ಮುಚ್ಚಿದವು. ನೆಲಮಹಡಿಯ ಅಜ್ಜ ತಾವೇ ಚಪ್ಪಲಿ ಹಾಕಿಕೊಂಡು, ತಾವೇ ನಡೆದುಹೋಗಿ ಆಂಬ್ಯುಲೆನ್ಸ್ ಹತ್ತಿದ್ದನ್ನು ಬಾಲ್ಕನಿಯಿಂದ ನೋಡಿದ್ದೇನೆ. ಅವರು ತಿರುಗಿ ಬರಲಿಲ್ಲ. ಆ ದಿನಗಳ ಬಗ್ಗೆ ಕಂಡಷ್ಟನ್ನು, ಕೇಳಿದಷ್ಟನ್ನು ಮಾತ್ರ ಬರೆಯುತ್ತೇನೆ. ಊಹೆ ಬೆರೆಸಿದರೆ ಏನಾಗುತ್ತದೆಂದು ಮುಂದೆ ನೀವೇ ನೋಡುವಿರಿ.

ಕಟ್ಟಡದ ನಿವಾಸಿಗಳ ಸೊಸೈಟಿ ಹೊಸ ನಿಯಮ ಮಾಡಿತು: ಯಾರೂ ಕೆಳಗಿಳಿಯುವಂತಿಲ್ಲ, ಮಂದಾ ಒಳಗೆ ಬರುವಂತಿಲ್ಲ. ಗೇಟಿನ ಬದಿಯ ಗೋಡೆಯ ಕೆಳಗೆ ಅವಳು ಕ್ರೇಟುಗಳನ್ನಿಟ್ಟು ನಿಲ್ಲಬೇಕು, ನಾವು ಬಾಲ್ಕನಿಯಿಂದ ಹಗ್ಗ ಕಟ್ಟಿದ ಚೀಲ ಇಳಿಸಬೇಕು. ಹೀಗೆ ಮುಂಜಾನೆ ಏಳೂವರೆಗೆ ನಮ್ಮ ಕಟ್ಟಡದ ಮುಂಭಾಗದಲ್ಲಿ ಕೆಂಪು, ನೀಲಿ, ಹೂವಿನ ಚಿತ್ರದ ಚೀಲಗಳು ಜೇಡಗಳಂತೆ ಇಳಿಯತೊಡಗಿದವು. ಮಾಲು ಸಿಗುವುದೇ ಕಷ್ಟವಾಗಿತ್ತು. ಕಲ್ಯಾಣದ ಮಾರುಕಟ್ಟೆ ಒಂದು ದಿನ ತೆರೆದರೆ ಎರಡು ದಿನ ಮುಚ್ಚಿರುತ್ತಿತ್ತು, ಟೆಂಪೊ ಎಲ್ಲೋ ಪೊಲೀಸರ ನಾಕಾದಲ್ಲಿ ನಿಂತುಬಿಡುತ್ತಿತ್ತು. ಒಂದು ವಾರವಿಡೀ ದೂಧಿ, ಅಂದರೆ ನಮ್ಮ ಸೋರೆಕಾಯಿ, ಬಿಟ್ಟರೆ ಬೇರೇನೂ ಬರಲಿಲ್ಲ. ಮಗಳು ತಟ್ಟೆ ನೋಡಿ, “ಪಪ್ಪಾ, ಫಿರ್ ಸೇ ದೂಧಿ? ಯೇ ತೋ ಟಾರ್ಚರ್ ಹೈ” ಎಂದಳು. ಕೊಸರು ಎಂಬುದಂತೂ ಲೋಕದಿಂದಲೇ ಹೊರಟುಹೋಗಿತ್ತು. ಕೊತ್ತಂಬರಿಯ ಕಟ್ಟು ಒಡವೆಯಂತೆ ಒದ್ದೆ ಬಟ್ಟೆಯೊಳಗೆ ಮಲಗಿರುತ್ತಿತ್ತು.

ಹಗ್ಗದ ವ್ಯಾಪಾರದಲ್ಲಿ ಯಾರೂ ಮೊದಲೇ ಯೋಚಿಸದ ಒಂದು ತೊಡಕಿತ್ತು. ನಮ್ಮ ಮೂರನೇ ಮಹಡಿಯಿಂದ ಕಿವಿಯಲ್ಲಿ ಪಿಸುಗುಟ್ಟಲು ಆಗುವುದಿಲ್ಲ. ಬೆಲೆ ಎಂಬುದು ಅಲ್ಲಿಯವರೆಗೆ ಇಬ್ಬರ ನಡುವಿನ ಗುಟ್ಟಾಗಿತ್ತು. ಈಗ ಅದನ್ನು ಕೂಗಬೇಕಾಯಿತು.

ಒಂದು ಮಂಗಳವಾರ ನಮ್ಮ ಕೆಳಗೆ, ಎರಡನೇ ಮಹಡಿಯಲ್ಲಿರುವ ಸದಾನಂದರ ಚೀಲ ಮೊದಲು ಇಳಿಯಿತು. ಅವರು ಉಡುಪಿಯ ಕಡೆಯವರು, ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್. ಎಂದರೆ ಸಪ್ಲೈಯರುಗಳ ಮೇಲ್ವಿಚಾರಕ. “ಟೊಮೆಟೊ ಕೈಸಾ?” ಎಂದರು. ಮಂದಾ “ಚಾಳೀಸ್!” ಎಂದು ಕೂಗಿದಳು. ಅರ್ಧ ನಿಮಿಷದ ನಂತರ ನನ್ನ ಚೀಲ ಮುಟ್ಟಿತು. ಅವಳು ಮೇಲೆ ನೋಡಿ ಮಾಸ್ಕಿನ ಹಿಂದಿನಿಂದ ಕೂಗಿದಳು: “ಅರವತ್ತ್ರೀ ಸಾಹೇಬ್ರ! ನಿಮಗಂತ!”

“ಕೆಳಗಿನವರಿಗೆ ನಲವತ್ತು ಅಂದಿ?”

“ಅದು ಬ್ಯಾರೆ ಟೊಮೆಟೊ!”

ಮೂರನೇ ಮಹಡಿಯಿಂದ ಅನೇಕ ವಿಷಯ ಕಾಣುವುದಿಲ್ಲ, ಆದರೆ ಕ್ರೇಟುಗಳು ಚೆನ್ನಾಗಿ ಕಾಣುತ್ತವೆ. ಟೊಮೆಟೊ ಇದ್ದದ್ದು ಒಂದೇ ಕ್ರೇಟಿನಲ್ಲಿ. ನಾನು ಮೂರು ದಿನ ಕಿವಿಗೊಟ್ಟು ನಿಂತೆ. ನೆಲಮಹಡಿಯ ಅಜ್ಜಿಗೆ ಒಂದು ದರ, ಸದಾನಂದರಿಗೆ ಒಂದು ದರ, ನನಗೊಂದು. ಇಡೀ ಕಟ್ಟಡದಲ್ಲಿ ಅತಿ ಹೆಚ್ಚಿನ ದರ ನನ್ನದೇ. ಹನ್ನೊಂದು ವರ್ಷಗಳ ಕನ್ನಡಾಭಿಮಾನ ನೈಲಾನ್ ಹಗ್ಗದ ತುದಿಯಲ್ಲಿ ಜೋತಾಡುತ್ತಿತ್ತು. ಸರೋಜಿನಿಗೆ ಹೇಳಿದೆ. ಅವಳು “ಹೌದಾ?” ಎಂದಳು. ಈ ಸಲದ “ಹೌದಾ” ಸ್ವಲ್ಪ ಉದ್ದವಿತ್ತು.

ಹೆದರಿದ ಮನುಷ್ಯನಿಗೆ ಸಿಟ್ಟು ಬೇಗ ಬರುತ್ತದೆ. ಕಾಯಿಲೆಯ ಮೇಲೆ ಸಿಟ್ಟಾಗಲು ಬರುವುದಿಲ್ಲ. ಟೊಮೆಟೊದ ಮೇಲೆ ಆಗಬಹುದು. ನಾನು ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ, ಯಾರ ಹೆಸರನ್ನೂ ಹಾಕದೆ, ಆದರೆ ಕೇಳಿದ ದರಗಳನ್ನೆಲ್ಲ ಹಾಕಿ, “ಸಂಕಟದ ಸಮಯದಲ್ಲಿ ಸುಲಿಗೆ” ಎಂದು ಬರೆದೆ. ಅರ್ಧ ಗಂಟೆಯಲ್ಲಿ ಕಟ್ಟಡ ಎರಡಾಯಿತು. ಅವಳನ್ನು ನಿಲ್ಲಿಸಬೇಕು ಎಂದು ಒಂದು ಪಕ್ಷ. ನಿಲ್ಲಿಸಿದರೆ ದೂಧಿಯನ್ನಾದರೂ ತರುವವರಾರು ಎಂದು ಇನ್ನೊಂದು. ಎಣ್ಣೆಯ ಬೆಲೆ, ಹಾಲಿನವನ ನೀರು, ಮೂರು ವರ್ಷದ ಹಿಂದಿನ ಪಾರ್ಕಿಂಗ್ ಜಗಳ ಎಲ್ಲವೂ ಅದರಲ್ಲಿ ಬಂದು ಕೂಡಿಕೊಂಡವು. ಕೊನೆಗೆ ಕಾರ್ಯದರ್ಶಿ ಜೋಶಿ, ಶನಿವಾರ ಸಂಜೆ ಗಚ್ಚಿಯ, ಅಂದರೆ ತಾರಸಿಯ, ಮೇಲೆ ದೂರ ದೂರ ನಿಂತು, ತೀರ್ಮಾನ ಮಾಡೋಣವೆಂದರು. ಸಾಕ್ಷಿ ನಾನು. “ನಿಮ್ಮದು ಅಳತೆಯ ಕೆಲಸ, ನೀವು ಹೇಳಿದ್ದು ಪಕ್ಕಾ” ಎಂದು ಅವರು ಫೋನಿನಲ್ಲಿ ಹೊಗಳಿದರು ಕೂಡ.

ಅಳತೆಯ ಕೆಲಸದಲ್ಲಿ ಒಂದು ಪದ್ಧತಿಯಿದೆ. ಮಾಪಕ ತಪ್ಪೆಂದು ಬರೆಯುವ ಮೊದಲು ಅದನ್ನು ಬಳಸುವವರನ್ನು ಒಂದು ಮಾತು ಕೇಳಬೇಕು. ಶನಿವಾರ ಮುಂಜಾನೆ ಎರಡು ಮಾಸ್ಕ್ ಹಾಕಿಕೊಂಡು, ನಿಯಮ ಮುರಿದು, ಕೆಳಗಿಳಿದೆ. ಗೇಟಿನ ಕಂಬಿಗಳಾಚೆ ಮಂದಾ ಖಾಲಿ ಕ್ರೇಟುಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು.

“ಈ ಗೇಟು ಹೋದ್ರ ಮುಂದಿನ ನಾಕೂ ಗೇಟ್ ಹೋಗತಾವ್ರಿ” ಎಂದಳು. “ಒಬ್ಬರನ್ನ ನೋಡಿ ಒಬ್ಬರು ಬಂದ್ ಮಾಡತಾರ. ರಸ್ತೇದಾಗ ಕುಂದ್ರಾಕ ಪೊಲೀಸ್ರು ಬಿಡೂದಿಲ್ಲ. ನಮ್ಮನಿಯವ್ರ ಹಮಾಲಿನೂ ನಿಂತೈತಿ. ದಿವಾದಾಗ ಖೋಲಿ ಹಿಡಕೊಂಡು ಸುಮ್ನ ಕುಂದ್ರೂದ ಆಕ್ಕೈತಿ.”

“ಮತ್ತ ಎರಡು ದರ ಯಾಕ ಮಾಡಿದಿ?”

ಅವಳು ಎರಡನೇ ಮಹಡಿಯ ಕಡೆ ಕಣ್ಣೆತ್ತಿ, ದನಿ ತಗ್ಗಿಸಿದಳು. ಎಷ್ಟೋ ತಿಂಗಳ ಮೇಲೆ ಮತ್ತೆ ಆ ಹಳೆಯ ಪಿಸುಮಾತು. “ಆ ಅಣ್ಣಾರ ಹೋಟೆಲ್ ಬಂದ್ ಐತ್ರಿ. ಮೊದಲ ಎರಡೆರಡು ಕಿಲೋ ಒಯ್ಯತಿದ್ರು, ಈಗ ಪಾವ್ ಕಿಲೋ. ಯಾರೂ ಹೇಳಬೇಕಾಗಿಲ್ರಿ, ಚೀಲನ ಹೇಳತೈತಿ. ನಿಮ್ಮ ಚೀಲ ಮೊದಲಿನಂಗ ಐತಿ. ಅಲ್ಲಿ ಬಿಟ್ಟದ್ದು ಇಲ್ಲಿ ಹಿಡೀತೀನಿ. ನಂದೂ ನಡೀಬೇಕಲ್ಲ?”

ನನ್ನ ಸಂಬಳ ಒಂದು ತಿಂಗಳೂ ತಪ್ಪಿರಲಿಲ್ಲ. “ಇದನ್ನ ಸಂಜೀಗೆ ಹೇಳತೀನಿ ಬಿಡು, ಎಲ್ಲಾರೂ ಒಪ್ಪತಾರ” ಎಂದೆ.

“ಬ್ಯಾಡ್ರಿ!” ಅವಳು ಕಂಬಿ ಹಿಡಿದುಕೊಂಡಳು. “ಅದೊಂದ ಹೇಳಬ್ಯಾಡ್ರಿ. ಅಣ್ಣಾರು ಇನ್ನ ಚೀಲನ ಇಳಸೂದಿಲ್ಲ. ನನ್ನ ಗೇಟ್ ಹೋದ್ರ ಹೋಗಲಿ.”

ಹಿಂದಿರುಗುವಾಗ ಒಂದು ಪ್ರಶ್ನೆ ತಡೆಯಲಾಗಲಿಲ್ಲ. “ಹಂಗಾದ್ರ ನನಗ ‘ನಿಮಗಂತ’ ಅಂದದ್ದು?”

“ಖರೇನ ಅಂದೀನ್ರಿ” ಎಂದಳು, ಕಣ್ಣಲ್ಲೇ ನಗುತ್ತ. “ಅರವತ್ತು ನಿಮಗಷ್ಟ.”

ಸಂಜೆ ಗಚ್ಚಿಯ ಮೇಲೆ ಹನ್ನೆರಡು ಜನ, ನೀರಿನ ಟಾಕಿಯ ಸುತ್ತ ಚದುರಂಗದ ಕಾಯಿಗಳಂತೆ ನಿಂತಿದ್ದೆವು. ಸದಾನಂದರೂ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಡ್ಯೂಟಿಗೆ ಹೊರಟವರಂತೆ. ಜೋಶಿ ನನ್ನ ಕಡೆ ತಿರುಗಿ, “ಹಾಂ, ಸಾಂಗಾ. ಕಾಯ್ ಪಾಹಿಲಂತ?” ಎಂದರು. ಏನು ನೋಡಿದಿರಿ, ಹೇಳಿ.

ನಿಜ ಹೇಳಿದರೆ ಒಬ್ಬರ ಮಾನ ಹೋಗುತ್ತದೆ, ಅರ್ಧ ಹೇಳಿದರೆ ಒಬ್ಬಳ ಅನ್ನ ಹೋಗುತ್ತದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ನೈತಿಕತೆಯಿಂದಲ್ಲ, ಅಭ್ಯಾಸವಿಲ್ಲದ್ದರಿಂದ. ಆದಷ್ಟು ನಿಧಾನವಾಗಿ ಹೇಳಿದೆ: “ನಾನು ಬರೆದ ದರಗಳು ಸರಿ. ‘ಸುಲಿಗೆ’ ಅಂತ ಬರೆದದ್ದು ನಾನು ನೋಡಿದ್ದಲ್ಲ, ಊಹಿಸಿದ್ದು. ಅದು ತಪ್ಪು. ಕಾರಣ ನನಗೆ ಈಗ ಗೊತ್ತು. ಹೇಳುವ ಅಧಿಕಾರ ನನಗಿಲ್ಲ. ನನ್ನ ದೂರು ವಾಪಸ್ಸು.”

ಯಾರಿಗೂ ಸಮಾಧಾನವಾಗಲಿಲ್ಲ. “ಮ್ಹಣಜೆ ಕಾಯ್? ಹಾಗಂದರೇನು? ಇದೇನು ಕೋರ್ಟಾ?” ಎಂದು ಜೋಶಿ ರೇಗಿದರು. ನಾಲ್ಕನೇ ಮಹಡಿಯವರು, ಸಾಕ್ಷಿಗೆ ಟೊಮೆಟೊ ಪುಕ್ಕಟೆ ಸಿಕ್ಕಿರಬೇಕು ಎಂದರು. ನಗು ಎದ್ದಿತು. ಆಗ ಸದಾನಂದರು ಕೈಯೆತ್ತಿದರು. ನಾಲ್ಕು ಟೇಬಲ್ಲಿನ ಆರ್ಡರನ್ನು ಒಟ್ಟಿಗೆ ಕೇಳಿಸಿಕೊಳ್ಳುವವರ ಹಾಗೆ ಎಲ್ಲರನ್ನೂ ಒಮ್ಮೆ ನೋಡಿ, ಹೋಟೆಲಿನ ಹಿಂದಿಯಲ್ಲಿ ಶುರು ಮಾಡಿದರು. ಅದರ ಸಾರ ಇಷ್ಟು: ಗೇಟಿಗೊಂದು ಹಲಗೆ ತೂಗುಹಾಕೋಣ. ದಿನದ ದರವನ್ನು ಮಂದಾ ಅದರ ಮೇಲೆ ಬರೆಯಲಿ. ಎಲ್ಲರಿಗೂ ಒಂದೇ ದರ. ಆದರೆ ತೂಕವಾದ ಮೇಲೆ ಚೀಲಕ್ಕೆ ಅವಳಾಗಿ ಏನು ಹಾಕುತ್ತಾಳೋ ಅದನ್ನು ಯಾರೂ ಕೇಳಬಾರದು, ನೋಡಬಾರದು, ಗ್ರೂಪಿನಲ್ಲಿ ಬರೆಯಬಾರದು. ಕೊನೆಯ ಮಾತಿಗೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. “ನಮ್ಮ ಹೋಟೆಲಲ್ಲಿ ಮೆನು ಕಾರ್ಡು ಎಲ್ಲರಿಗೂ ಒಂದೇ ಮಾರಾಯ್ರೇ. ಚಟ್ನಿ ಯಾರಿಗೆ ಎಷ್ಟು ಸಲ ಬಡಿಸಿದ್ದು ಅಂತ ಯಾರೂ ಬರ್ದಿಡುದಿಲ್ಲ.”

ಹಲಗೆಗೆ ಖರ್ಚಿಲ್ಲವಾದ್ದರಿಂದ ಸೊಸೈಟಿ ಒಪ್ಪಿತು.

ಮೆಟ್ಟಿಲಿಳಿಯುವಾಗ ನಾವಿಬ್ಬರೇ ಹಿಂದೆ ಉಳಿದೆವು. ಅವರು ಮುಂದೆ, ನಾನು ನಾಲ್ಕು ಮೆಟ್ಟಿಲು ಹಿಂದೆ. ಅವರು ತಿರುಗದೆ ಹೇಳಿದರು: “ನಿಮ್ಮ ಅರವತ್ತು ನಮ್ಮ ಬಾಲ್ಕನಿಗೆ ಮೊದಲ ದಿನವೇ ಕೇಳಿತ್ತು. ನಮ್ಮ ನಲವತ್ತು ಯಾಕೆ ಅಂತ ಆಗಲೇ ಗೊತ್ತಾಯ್ತು.”

“ಮತ್ತೆ ಚೀಲ ಇಳಿಸಿದಿರಲ್ಲ?”

“ನಾನು ಇಪ್ಪತ್ತು ವರ್ಷ ಬಡಿಸುವವರ ನಡುವೆ ಇದ್ದವ. ಬಡಿಸುವ ಕೈಯನ್ನು ಹಿಡಿದು ನಿಲ್ಲಿಸಬಾರ್ದು. ಅವರಿಗೆ ಬೇಸರ ಆಗ್ತದೆ.”

ಮರುದಿನ ಹಲಗೆಯ ಮೇಲೆ ಟೊಮೆಟೊ ಐವತ್ತು ಎಂದಿತ್ತು. ನನಗೆ ಹತ್ತು ಉಳಿಯಿತು. ಸದಾನಂದರ ಚೀಲ ಮೇಲೆ ಹೋಗುವಾಗ ನಾನು ನೋಡಬಾರದೆಂದು ಬೇರೆ ಕಡೆ ಮುಖ ಮಾಡಿದೆ. ಆದರೆ ಇದು ನನ್ನ ಕಸುಬು. ಹಗ್ಗ ಎಷ್ಟು ಬಿಗಿದಿದೆ ಎಂಬುದು ಕಣ್ಣಂಚಿಗೂ ತಿಳಿಯುತ್ತದೆ. ಕಾಲು ಕಿಲೋ ಟೊಮೆಟೊಗೆ ಹಗ್ಗ ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ.

ಮುಂದಿನ ವರ್ಷದ ಬೇಸಿಗೆಯಲ್ಲಿ ಕಾಯಿಲೆ ನಮ್ಮ ಮನೆಗೇ ಬಂತು. ಮೊದಲು ನನಗೆ, ಎರಡು ದಿನ ಬಿಟ್ಟು ಸರೋಜಿನಿಗೆ. ಮಗಳು ಬಾಗಿಲಾಚೆಯಿಂದ ಬಿಸಿನೀರು ಇಡುತ್ತಿದ್ದಳು. ಗ್ರೂಪಿನಲ್ಲಿ ನಾವು ಹೇಳಿಕೊಂಡಿರಲಿಲ್ಲ. ಹೇಳಲು ಏನೋ ಭಯ. ಕೆಮ್ಮು ಮಾತ್ರ ಬಾಲ್ಕನಿಯಾಚೆಗೂ ಕೇಳಿಸುತ್ತಿತ್ತು. ಐದನೇ ದಿನ ಚೀಲ ಇಳಿಸಿದೆ. ಕೇಳಿದ್ದು ಅರ್ಧ ಕಿಲೋ ಬೆಂಡೆ. ಕೂಗಲು ಉಸಿರು ಸಾಲದೆ ಚೀಟಿ ಬರೆದಿದ್ದೆ. ಎಳೆಯತೊಡಗಿದರೆ ಚೀಲ ಏಳಲೊಲ್ಲದು. ಮೊದಲು ನನ್ನ ಕೈಯ ಸೋಲು ಎಂದುಕೊಂಡೆ. ಎರಡನೇ ಮಹಡಿಯ ಹತ್ತಿರ ಅದು ಪೂರ್ತಿ ನಿಂತೇಬಿಟ್ಟಿತು. ಗ್ರಿಲ್ಲಿಗೆ ಸಿಕ್ಕಿತೇನೋ ಎಂದು ಬಾಗಿ ನೋಡಿದರೆ, ಸದಾನಂದರು ಚೀಲವನ್ನು ಹಿಡಿದುಕೊಂಡು ಅದರೊಳಗೆ ಏನೋ ಇಡುತ್ತಿದ್ದರು. “ಈಗ ಎಳೀರಿ, ಮೆಲ್ಲ ಮೆಲ್ಲ” ಎಂದು ಕೋಲಿನಿಂದ ಕೆಳಗಿನಿಂದ ಒತ್ತು ಕೊಟ್ಟರು.

ಚೀಲದಲ್ಲಿ ಅರ್ಧ ಕಿಲೋ ಬೆಂಡೆಯಿತ್ತು. ಅದರ ಕೆಳಗೆ ಆರು ನಿಂಬೆಹಣ್ಣು, ಶುಂಠಿ, ಪುದಿನ, ಎರಡು ಎಳನೀರು. ಮೇಲೆ ಸ್ಟೀಲ್ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ, ಇನ್ನೂ ಬಿಸಿ. ಮುಚ್ಚಳದೊಳಗೆ ಒಂದು ತುಂಡು ಮಾವಿನ ಉಪ್ಪಿನಕಾಯಿ. ಅದನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಎಲ್ಲವನ್ನೂ ತೂಗಬಲ್ಲವನೆಂಬ ಹೆಮ್ಮೆ ನನಗಿತ್ತು. ಸರೋಜಿನಿ ಮಲಗಿದ್ದಲ್ಲಿಂದಲೇ, “ಏನೇನ್ ಬಂತು?” ಎಂದಳು. ಒಂದೊಂದಾಗಿ ಹೇಳಿದೆ. “ಹೌದಾ?” ಎಂದಳು. ಎದ್ದು ಕೂತಳು.

ಈಗ ಹಗ್ಗಗಳು ಇಳಿಯುವುದಿಲ್ಲ, ನಮ್ಮದರ ಮೇಲೆ ಬಟ್ಟೆ ಒಣಗುತ್ತದೆ. ಸದಾನಂದರ ಹೋಟೆಲು ತೆರೆದು ಬಹಳ ಕಾಲವಾಯಿತು. ಹಲಗೆ ಮಾತ್ರ ಗೇಟಿನಲ್ಲಿ ಹಾಗೇ ಇದೆ. ಮೊನ್ನೆ ತರಕಾರಿಗೆ ಇಳಿದೆ. ಹಲಗೆಯ ಮೇಲೆ ಗವಾರ್, ಅಂದರೆ ಗೋರಿಕಾಯಿ, ಎಂಬತ್ತು ಎಂದು ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು. ಮಂದಾ ನನ್ನನ್ನು ನೋಡಿ, ಬಾಗಿ, ದನಿ ತಗ್ಗಿಸಿ, “ಸಾಹೇಬ್ರ, ನಿಮಗಂತ ಎಂಬತ್ತೈದ್ರಿ” ಎಂದಳು.

ನಾನು ಹಲಗೆ ನೋಡಿದೆ. ಆಮೇಲೆ ಅವಳ ಭುಜದಾಚೆ ನೋಡಿದೆ. ಮೊದಲ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಬಹಳ ಸಣ್ಣ ಚೀಲವೊಂದನ್ನು ಮಡಚಿ ಹಿಡಿದುಕೊಂಡು, ಕೊತ್ತಂಬರಿಯ ದರ ಕೇಳಲೋ ಬೇಡವೋ ಎಂಬಂತೆ ನಿಂತಿದ್ದಳು.

ಎಂಬತ್ತೈದು ಕೊಟ್ಟೆ. ಮೆಟ್ಟಿಲು ಹತ್ತುವಾಗ ಮನಸ್ಸು ಹಗುರವಾಗಿತ್ತು. ಹನ್ನೊಂದು ವರ್ಷ ನಾನು ನಂಬಿದ್ದು ಪೂರ್ತಿ ಸುಳ್ಳಲ್ಲ. ಈ ಕಟ್ಟಡದಲ್ಲಿ ನನಗೊಂದು ವಿಶೇಷ ದರ ಇದೆ. ಯಾರ ಮುಂದೆಯೂ ಹೇಳಿಲ್ಲ, ಸರೋಜಿನಿಯೊಬ್ಬಳನ್ನು ಬಿಟ್ಟು.