ಮಗಳ ಮೂಗು ನೋಡಿದ ಡಾಕ್ಟರು

ಫೀಜೋವಾ ಹಣ್ಣುಗಳನ್ನು ಅರ್ಧಕ್ಕೆ ಹೆಚ್ಚಿ, ಚಮಚದಿಂದ ತಿರುಳು ತೆಗೆದು ಗೊಜ್ಜಿಗೆ ಹಾಕುತ್ತಿದ್ದೆ. ನೋಡಲು ನಮ್ಮ ಎಳೆ ಸೀಬೆಯಂತಿರುವ ಈ ಹಣ್ಣಿನ ವಾಸನೆ ಅಡುಗೆಮನೆ ದಾಟಿ ಬಚ್ಚಲವರೆಗೂ ಹೋಗುತ್ತದೆ. ಆಗಲೇ ಹಿಲ್ಸ್‌ಬರೋದ ಗೆಳತಿಯ ಫೋನು ಬಂತು. "ಕೇಳಿದ್ರಾ? ಡಾಕ್ಟ್ರು ಹೋಗ್ಬಿಟ್ರಂತೆ ಕಣ್ರೀ. ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ದವರು ಹಾಗೇ..."

ಅಯ್ಯೋ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಹೌದಾ" ಎಂಬ ಒಂದೇ ಮಾತು. ಅಷ್ಟು ಸುಲಭವಾಗಿ ಕರೆದುಕೊಂಡೆಯಾ ತಂದೆ, ಎಂದು ದೇವರ ಮೇಲೇ ಸಿಟ್ಟು ಬಂತು.

ಅವರು ಮೈಸೂರಿನಲ್ಲಿ ಓದಿದ ಪ್ಲಾಸ್ಟಿಕ್ ಸರ್ಜನ್. ನಾವು ಆಕ್ಲೆಂಡಿಗೆ ಬಂದ ಹೊಸದರಲ್ಲಿ, ಎರಡು ಸಾವಿರದ ಇಸವಿಯ ಆಚೀಚೆ, ಕನ್ನಡದವರೆಲ್ಲ ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ಯುಗಾದಿ ಊಟಕ್ಕೆ ಸೇರುತ್ತಿದ್ದೆವು. ಇಲ್ಲಿ ಅದು ಫೀಜೋವಾ ಉದುರುವ ಕಾಲ. ಅವರು ಹಿತ್ತಲಿನ ಹಣ್ಣನ್ನು ಚೀಲದಲ್ಲಿ ತಂದು ಮನೆಗಿಷ್ಟು ಎಂದು ಹಂಚುತ್ತಿದ್ದರು. ಊಟದ ಸಾಲಿನಲ್ಲಿ ಅವರದೇ ಮಾತು. ಊರಿನ ಆಸ್ಪತ್ರೆಯಲ್ಲಿ ಸ್ಟೌ ಸಿಡಿದು ಬಂದ ಹೆಣ್ಣುಮಕ್ಕಳ ಮುಖ ನೋಡಲಾಗದೆ ಈ ವಿದ್ಯೆಗೆ ಇಳಿದೆ ಎನ್ನುತ್ತಿದ್ದರು. ಕೂಸಿನ ಸೀಳುತುಟಿ ಹೊಲಿದು ತಾಯಿಯ ಕೈಗಿಟ್ಟ ದಿನ ತಾವೂ ಅತ್ತದ್ದನ್ನು ಹೇಳುತ್ತಿದ್ದರು. ಇಲ್ಲಿ ಬಂದ ಮೇಲೆ ಮೂಗು, ರೆಪ್ಪೆ, ಹೊಟ್ಟೆ. ಅದನ್ನೂ ಹಗುರವಾಗಿ ಕಾಣಬೇಡಿ ಎಂಬುದು ಅವರ ವಾದ.

"ಕತ್ತಿ ಹಿಡಿಯೋದು ಆಮೇಲೆ. ಮೊದಲು ಒಂದೇ ಪ್ರಶ್ನೆ ಕೇಳ್ತೀನಿ, ನಿನ್ನ ಇಲ್ಲಿಗೆ ಕಳಿಸಿದ್ದು ಯಾರು? ಗಂಡ ಅಂದ್ರೆ, ಅತ್ತೆ ಅಂದ್ರೆ, ಎದ್ದು ಮನೆಗೆ ಹೋಗಮ್ಮ ಅಂತೀನಿ. ತನಗೇ ಬೇಕು ಅನ್ನೋರಿಗೆ ಮಾತ್ರ ನನ್ನ ಕೈ."

ಒಳ್ಳೆಯ ಮಾತು. ನಾವೆಲ್ಲ ತಲೆದೂಗಿದೆವು.

ಆ ಮಾತು ಮುಗಿಸಿದವರೇ, ಎದುರಿಗೆ ಪಾಯಸ ಬಡಿಸುತ್ತಿದ್ದ ನನ್ನ ಮಗಳ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹನ್ನೆರಡು ವರ್ಷದ ಹುಡುಗಿ. "ಏನೇ ಇದು, ನಿಮ್ಮಪ್ಪನ ಮೂಗನ್ನ ಹಾಗೇ ಎತ್ತಿ ಅಂಟಿಸ್ಕೊಂಡಿದೀಯ! ಹದಿನೆಂಟಾಗ್ಲಿ, ನನ್ನ ಹತ್ರ ಬಾ. ಇಲ್ದಿದ್ರೆ ಗಂಡು ಹುಡುಕಿ ಹುಡುಕಿ ಪಾಪ ನಿಮ್ಮಪ್ಪನ ಚಪ್ಪಲಿ ಸವೆಯುತ್ತೆ."

ಸಾಲಿಗೆ ಸಾಲೇ ನಕ್ಕಿತು. ನನ್ನ ಯಜಮಾನರೂ ನಕ್ಕರು. ನಾನೇನು ಮಾಡಿದೆ? ಡಾಕ್ಟರೆಂದರೆ ಬಗ್ಗಿ ನಿಂತು ಅಭ್ಯಾಸವಾದ ಜನ ನಾವು. ಕೈಯಲ್ಲಿದ್ದ ಸೌಟು ಇಟ್ಟು ಎರಡೂ ಕೈ ಮುಗಿದು, "ನಿಮ್ಮ ದಯೆ ಡಾಕ್ಟ್ರೇ, ಥ್ಯಾಂಕ್ಸ್" ಎಂದೆ.

ಮನೆಗೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ. ಘಾಟಿಗೆ ಸ್ಮೋಕ್ ಅಲಾರಂ ಹೊಡೆದುಕೊಂಡಿತು. ಹುಡುಗಿ ನಗಲಿಲ್ಲ.

ಮುಂದಿನ ಆರು ವರ್ಷದ ಫೋಟೋಗಳಲ್ಲಿ ಅವಳ ಕೈ ಮೂಗಿನ ಮೇಲಿದೆ. ಶಾಲೆಯಲ್ಲಿ ಫೋಟೋ ತೆಗೆಯುವ ದಿನ ತಪ್ಪದೆ ಹೊಟ್ಟೆನೋವು. ಪುಣ್ಯಕ್ಕೆ ಚೆನ್ನಾಗಿ ಓದಿದಳು. ಪುಣ್ಯಕ್ಕೆ ಕಾಯಿಲೆ ಕಸಾಲೆ ಇರಲಿಲ್ಲ, ಪೆನ್‌ರೋಸಿನಲ್ಲಿ ಯಜಮಾನರ ಕೆಲಸವೂ ಉಳಿಯಿತು. ಇಷ್ಟೆಲ್ಲ ಕೊಟ್ಟ ದೇವರಿಗೆ ದೀಪ ಹಚ್ಚುವಾಗ ಕೊನೆಯಲ್ಲಿ ಒಂದು ಬೇಡುತ್ತಿದ್ದೆ: ಆ ಮನುಷ್ಯ ನಾಲ್ಕು ಜನರ ಮುಂದೆ ನನ್ನ ಮಗಳಿಗೆ ತಲೆ ತಗ್ಗಿಸಲಿ. ಸ್ತೋತ್ರ ಹೇಳಿದ ಬಾಯಲ್ಲಿ ಅಂಥದ್ದನ್ನು ಬೇಡಬಾರದು. ಬೇಡಿದೆ.

ಹದಿನೆಂಟು ತುಂಬಿದ ವಾರವೇ ಅವಳು ಅವರ ಕ್ಲಿನಿಕ್ಕಿಗೆ ತಾನಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ನನ್ನನ್ನೂ ಕರೆದಳು. ಮಗಳ ಮುಖಕ್ಕೆ ಕತ್ತಿ ತಾಗುತ್ತದಲ್ಲ ಎಂದು ದಾರಿಯುದ್ದಕ್ಕೂ ರಾಯರನ್ನು ನೆನೆಯುತ್ತಾ ಹೋದೆ.

ಅವರು ಪ್ರೀತಿಯಿಂದಲೇ ಕೂರಿಸಿದರು. ಹಾಳೆ ತೆರೆದು ಪೆನ್ನು ಹಿಡಿದು ಕೇಳಿದರು. "ಸರಿ, ನಿನ್ನ ಇಲ್ಲಿಗೆ ಕಳಿಸಿದ್ದು ಯಾರಮ್ಮ?"

"ಯು ಡಿಡ್, ಅಂಕಲ್," ಅಂದಳು. "ಐ ವಾಸ್ ಟ್ವೆಲ್ವ್. ಅಂಡ್ ಅಮ್ಮ ಸೆಡ್ ಥ್ಯಾಂಕ್ ಯು."

ನನಗೆ ಆಪರೇಷನ್ ಬೇಡ, ನಿಮ್ಮ ಬಾಯಿಂದ ಆ ಪ್ರಶ್ನೆ ಕೇಳಿಸಿಕೊಂಡು ಉತ್ತರ ಕೊಡಲೆಂದೇ ಬಂದೆ ಎಂದು ಇಂಗ್ಲಿಷಿನಲ್ಲಿ, ಸ್ವರ ಏರಿಸದೆ ಹೇಳಿದಳು. ಅವರ ಕಿವಿ ಕೆಂಪಾಯಿತು. ಪೆನ್ನು ಮುಚ್ಚಿ ಹಾಳೆ ಮಡಿಸಿದರು. ತಪ್ಪಾಯಿತು ಎನ್ನಲಿಲ್ಲ. ಎದ್ದು ಬಾಗಿಲು ತೆರೆದರು, ಅಷ್ಟೇ.

ಆಮೇಲಿನ ಯುಗಾದಿಗಳಿಗೆ ಅವರು ಬರಲಿಲ್ಲ. "ಡಾಕ್ಟ್ರು ಯಾಕೋ ಕಾಣ್ತಾನೇ ಇಲ್ವಲ್ಲ?" ಎಂದವರಿಗೆಲ್ಲ ಇನ್ನೊಂದು ಹೋಳಿಗೆ ಬಡಿಸಿದೆ. ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಆದರೆ ನಾನು ಬೇಡಿದ್ದು ಅದಲ್ಲ. ನನ್ನ ಪಾಲಿನ ತಪ್ಪನ್ನು ಅಂದೇ ಕಾರಿನಲ್ಲಿ ಮಗಳ ಮುಂದೆ ಅತ್ತು ಒಪ್ಪಿಕೊಂಡಿದ್ದೆ. ಅವರು ತುಂಬಿದ ಸಾಲಿನಲ್ಲಿ ಆಡಿದ್ದನ್ನು ತುಂಬಿದ ಸಾಲಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಇನ್ನು ಯಾರು ತೆಗೆದುಕೊಳ್ಳುತ್ತಾರೆ?

ಮಗಳು ಈಗ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ ಕೆಲಸದಲ್ಲಿದ್ದಾಳೆ. ಇವತ್ತಿಗೂ ಅವಳು ಕಳಿಸುವ ಫೋಟೋಗಳಲ್ಲಿ ಎದುರು ಮುಖದ್ದೊಂದೂ ಇಲ್ಲ. ಫೋನು ಮಾಡಿ ಡಾಕ್ಟರು ಹೋದ ಸುದ್ದಿ ಹೇಳಿದೆ. ಅವಳೂ ಹಿಗ್ಗುತ್ತಾಳೆ ಎಂದುಕೊಂಡಿದ್ದೆನೋ ಏನೋ. ಅವಳು ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು. "ಆಂಟಿ ಒಬ್ರೇನಾ ಈಗ? ಊಟ ಯಾರು ಕೊಡ್ತಾರೆ, ಅಮ್ಮ?"

ನನಗದು ಹೊಳೆದೇ ಇರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಡಾಕ್ಟರ ಹೆಂಡತಿ ನನಗೇನೂ ಮಾಡಿದವರಲ್ಲ. ಸಾರು ಅನ್ನ ಯಜಮಾನರ ಕೈಯಲ್ಲಿ ಕಳಿಸುತ್ತೇನೆ. ಡಾಕ್ಟರ ಮುಖ ನೋಡಲು ಮಾತ್ರ ನಾನು ಹೋಗುವುದಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ದೇವರು ಮಗಳಿಗೆ ಕೊಟ್ಟ, ನನಗೆ ಕೊಡಲಿಲ್ಲ.

ಬೇಳೆ ತೊಳೆದು ಕುಕ್ಕರಿಗೆ ಹಾಕಿದೆ.